ಕರಾವಳಿಯಲ್ಲಿ ತೆಳುಪದರದ ಸೋಲಾರ್: ಪರಿಸರದ ಪೂರ್ತಿ ಲೆಕ್ಕ ಹಾಕುವುದು ಹೇಗೆ?

ಟೆರೇಸಿನ ಮೇಲೆ ಕೂತ ಸೋಲಾರ್ ಪ್ಯಾನೆಲ್ ಹೊಗೆ ಬಿಡುವುದಿಲ್ಲ. ಆದರೆ ಅದರ ಗಾಜು ಕರಗಿಸಿದ ಕುಲುಮೆ ಬಿಟ್ಟಿರುತ್ತದೆ. ಸ್ಟ್ಯಾಂಡಿಗೆ ಬೇಕಾದ ಉಕ್ಕಿನ ಕಾರ್ಖಾನೆ ಬಿಟ್ಟಿರುತ್ತದೆ, ಘಾಟಿ ಇಳಿದು ಬಂದ ಲಾರಿಯೂ ಬಿಟ್ಟಿರುತ್ತದೆ. ಗಣಿಯಿಂದ ಗುಜರಿಯವರೆಗೆ ಇದನ್ನೆಲ್ಲ ಒಟ್ಟು ಸೇರಿಸಿ, ಅದು ಕೊಟ್ಟ ಒಂದೊಂದು ಯೂನಿಟ್ ಕರೆಂಟಿಗೆ ಹಂಚುವ ಕ್ರಮಕ್ಕೆ ಜೀವನಚಕ್ರ ಮೌಲ್ಯಮಾಪನ ಅಂತ ಹೆಸರು. ಬಳಕೆಯಲ್ಲಿ ಎಲ್‌ಸಿಎ.

ಮಂಗಳೂರು, ಉಡುಪಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಶಾಲೆ-ಆಸ್ಪತ್ರೆಗಳ ಕಟ್ಟಡ ನೋಡಿಕೊಳ್ಳುವವರು, ಅಪಾರ್ಟ್‌ಮೆಂಟ್ ಸಂಘದವರು, ಹೀಗೆ ಈ ಲೆಕ್ಕವನ್ನು ತಾವೇ ಹಾಕಬೇಕು ಅನ್ನುವವರಿಗೆ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಯಾನೆಲ್ ಎಲ್ಲಿಂದ ಬಂತು, ಯಾವ ಲಾರಿಯಲ್ಲಿ ಬಂತು ಅನ್ನುವುದಕ್ಕಿಂತ, ಅದು ನಮ್ಮ ಉಪ್ಪುಗಾಳಿಯಲ್ಲಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದೇ ನಮ್ಮ ಊರಿನ ಉತ್ತರವನ್ನು ಹೆಚ್ಚು ಬದಲಿಸುತ್ತದೆ. ಹೇಗೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಪ್ಯಾನೆಲ್ ಯಾವುದು ಅಂತ ಗೊತ್ತುಮಾಡಿಕೊಳ್ಳಿ

‘ಥಿನ್ ಫಿಲ್ಮ್’ ಅಂದರೆ ಗಾಜಿನಂಥ ಹಾಳೆಯ ಮೇಲೆ ಕರೆಂಟು ಹುಟ್ಟಿಸುವ ವಸ್ತುವನ್ನು ತೆಳ್ಳಗೆ ಹರಡಿದ ತೆಳುಪದರದ ಪ್ಯಾನೆಲ್. ಅದು ಒಂದೇ ವಸ್ತುವಲ್ಲ. ಮುಖ್ಯವಾಗಿ ಮೂರು ಜಾತಿ ಇವೆ: ಕ್ಯಾಡ್ಮಿಯಂ ಟೆಲ್ಯುರೈಡ್, ತಾಮ್ರ-ಇಂಡಿಯಂ-ಗ್ಯಾಲಿಯಂ-ಸೆಲೆನಿಯಂ ಸೇರಿದ ‘ಸಿಗ್ಸ್’, ಮತ್ತೆ ಹಳೆಯ ಕ್ಯಾಲ್ಕುಲೇಟರ್‌ಗಳಲ್ಲಿ ನೋಡುತ್ತಿದ್ದ ಅಮಾರ್ಫಸ್ ಸಿಲಿಕಾನ್. ಮೂರರ ಲೆಕ್ಕವೂ ಬೇರೆ ಬೇರೆ. ಅಮಾರ್ಫಸ್ ಸಿಲಿಕಾನ್ ಕಾರ್ಖಾನೆಯಲ್ಲಿ ಯಂತ್ರದ ಒಳಗೋಡೆ ಸ್ವಚ್ಛಮಾಡಲು ನೈಟ್ರೋಜನ್ ಟ್ರೈಫ್ಲೋರೈಡ್ ಅನಿಲ ಬಳಸುವುದುಂಟು. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕೆ.ಜಿ. ಸುಮಾರು 17 ಸಾವಿರ ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಸ್ವಲ್ಪ ಸೋರಿದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಈ ಅನಿಲದ ತಲೆನೋವಿಲ್ಲ, ಬದಲಿಗೆ ಕ್ಯಾಡ್ಮಿಯಂ ವಿಷದ ಪ್ರಶ್ನೆ ಇದೆ.

ಇಲ್ಲಿ ಉದಾಹರಣೆಗೆ ಕ್ಯಾಡ್ಮಿಯಂ ಟೆಲ್ಯುರೈಡನ್ನೇ ತೆಗೆದುಕೊಳ್ಳುತ್ತೇನೆ. ಪ್ರಪಂಚದಲ್ಲಿ ಹೆಚ್ಚು ಮಾರಾಟವಾಗುವ ತೆಳುಪದರ ಅದು. ಫಸ್ಟ್ ಸೋಲಾರ್ ಕಂಪನಿಯ 3.3 ಗಿಗಾವಾಟ್ ಕಾರ್ಖಾನೆ ತಮಿಳುನಾಡಿನ ಶ್ರೀಪೆರಂಬುದೂರು ಕಡೆ 2024ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಹಾಗಾಗಿ ಇದು ನಮಗೆ ತೀರಾ ದೂರದ ಮಾತಲ್ಲ. ಮನೆಗಳ ಮೇಲೆ ಕಾಣುವುದು ಈಗಲೂ ಬಹುತೇಕ ಸಿಲಿಕಾನ್ ಪ್ಯಾನೆಲ್ಲೇ. ನಿಮ್ಮದು ಅದೇ ಆದರೂ ಮುಂದಿನ ಹಂತಗಳು ಹಾಗೇ ಅನ್ವಯಿಸುತ್ತವೆ, ಸಾಮಗ್ರಿಗಳ ಪಟ್ಟಿ ಮಾತ್ರ ಬದಲಾಗುತ್ತದೆ.

ಹಂತ 1: ಏನನ್ನು ಅಳೆಯುತ್ತೀರಿ, ಗಡಿ ಎಲ್ಲಿ?

ಎಲ್‌ಸಿಎಗೆ ಐಎಸ್‌ಒ 14040 ಮತ್ತು 14044 ಅನ್ನುವ ಮಾನದಂಡಗಳಿವೆ, ಎರಡೂ 2006ರವು. ಗುರಿ ಮತ್ತು ವ್ಯಾಪ್ತಿ, ಇನ್ವೆಂಟರಿ (ಬಳಸಿದ ಸಾಮಗ್ರಿ, ಶಕ್ತಿಯ ಪಟ್ಟಿ), ಪರಿಣಾಮದ ಲೆಕ್ಕ, ವಿಶ್ಲೇಷಣೆ ಅಂತ ನಾಲ್ಕು ಭಾಗ. ಹೆಚ್ಚಿನವರು ಮೊದಲನೆಯದನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಮುಂದೆ ಓಡುತ್ತಾರೆ. ಇಡೀ ಕೆಲಸ ನಿಂತಿರುವುದೇ ಅಲ್ಲಿ.

‘ಒಂದು ಪ್ಯಾನೆಲ್‌ಗೆ ಎಷ್ಟು’ ಅಂತ ಕೇಳಬೇಡಿ. ಒಂದು ದೊಡ್ಡದು, ಒಂದು ಚಿಕ್ಕದು, ಹೋಲಿಸುವುದಕ್ಕೇ ಆಗುವುದಿಲ್ಲ. ‘ಒಂದು ಚದರ ಮೀಟರ್‌ಗೆ’ ಅಂದರೂ ದಕ್ಷತೆಯ ವ್ಯತ್ಯಾಸ ಮರೆಯಾಗುತ್ತದೆ. ಅಳತೆಗೋಲನ್ನು ಹೀಗೆ ಬರೆದುಕೊಳ್ಳಿ: ‘ಮಂಗಳೂರಿನ ಈ ಕಟ್ಟಡದ ಸ್ವಿಚ್‌ಬೋರ್ಡಿಗೆ ತಲುಪಿದ 1 ಯೂನಿಟ್ ಎಸಿ ವಿದ್ಯುತ್, 30 ವರ್ಷದ ಸರಾಸರಿಯಲ್ಲಿ.’ ಊರು, ತಲುಪುವ ಜಾಗ, ಅವಧಿ ಮೂರೂ ಅದರಲ್ಲಿ ಬಂದವು.

ಇನ್ನು ಗಡಿ. ಗಣಿ, ಲೋಹ ಶುದ್ಧೀಕರಣ, ಗಾಜು, ಪ್ಯಾನೆಲ್ ಕಾರ್ಖಾನೆ, ಸಾಗಣೆ, ಸ್ಟ್ಯಾಂಡ್, ಕೇಬಲ್, ಇನ್ವರ್ಟರ್, ನಿರ್ವಹಣೆ, ಬಿಚ್ಚುವುದು, ಮರುಬಳಕೆ. ಎಲ್ಲವೂ ಒಳಗಿರಲಿ. ಬ್ಯಾಟರಿ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ತೋರಿಸಿ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ.

ನಮ್ಮ ಊರಿನದೇ ಒಂದು ಗಡಿಯ ಪ್ರಶ್ನೆ ಇದೆ. ಇಲ್ಲಿ ಮಳೆ ತಡೆಯಲಿಕ್ಕೆ ಟೆರೇಸಿನ ಮೇಲೆ ಶೀಟು ಹಾಕಿಸುವುದು ರೂಢಿ ಅಲ್ವಾ? ಆ ಶೀಟಿನ ಕಬ್ಬಿಣದ ಚೌಕಟ್ಟಿನ ಮೇಲೆಯೇ ಪ್ಯಾನೆಲ್ ಕೂರಿಸಿದರೆ ಚೌಕಟ್ಟಿನ ಭಾರ ಯಾರ ಲೆಕ್ಕಕ್ಕೆ? ಸೋಲಾರ್ ಇಲ್ಲದಿದ್ದರೂ ಶೀಟು ಹಾಕಿಸುತ್ತಿದ್ದಿರಿ ಅಂತಾದರೆ ಅದು ಕಟ್ಟಡದ ಲೆಕ್ಕ. ಪ್ಯಾನೆಲ್ಲಿಗಾಗಿ ಹೆಚ್ಚುವರಿ ಹಾಕಿದ ಪೈಪು, ರೈಲು, ಕ್ಲ್ಯಾಂಪು ಮಾತ್ರ ಸೋಲಾರ್‌ನದು. ಪ್ಯಾನೆಲ್ಲಿಗೋಸ್ಕರವೇ ಎತ್ತರಿಸಿ ಕಟ್ಟಿಸಿದ್ದರೆ ಪೂರ್ತಿ ಸೋಲಾರ್‌ಗೆ ಬರೆಯಿರಿ. ಯಾವುದನ್ನು ಆರಿಸಿದಿರಿ, ಯಾಕೆ ಅನ್ನುವುದೂ ವರದಿಯಲ್ಲಿರಲಿ.

ಹಂತ 2: ಸಾಮಗ್ರಿಗಳ ಪಟ್ಟಿ

ಪಟ್ಟಿಯನ್ನು 1 ಕಿಲೋವಾಟ್‌ಗೆ ಮಾಡಿದರೆ ಸುಲಭ. ಶೇ 19 ದಕ್ಷತೆಯ ಪ್ಯಾನೆಲ್ ಆದರೆ 1 ಕಿಲೋವಾಟ್‌ಗೆ ಸುಮಾರು 5.3 ಚದರ ಮೀಟರ್ ಬೇಕು. ಶೇ 22ರ ಸಿಲಿಕಾನ್ ಆದರೆ ಸುಮಾರು 4.5 ಸಾಕು. ತೆಳುಪದರಕ್ಕೆ ಜಾಗ ಜಾಸ್ತಿ, ಅದಕ್ಕೆ ತಕ್ಕಂತೆ ಸ್ಟ್ಯಾಂಡೂ ಜಾಸ್ತಿ. ಪ್ಯಾನೆಲ್ ತಯಾರಿಯಲ್ಲಿ ಉಳಿಸಿದ ಶಕ್ತಿಯ ಒಂದು ಪಾಲು ಇಲ್ಲಿ ಖರ್ಚಾಗುತ್ತದೆ. ಬರೀ ಪ್ಯಾನೆಲ್ ನೋಡಿ ತೀರ್ಪು ಕೊಡುವವರಿಗೆ ಇದು ಕಾಣುವುದಿಲ್ಲ.

ಪ್ಯಾನೆಲ್ ಅನ್ನು ಹತ್ತಿರದಿಂದ ನೋಡೋಣ. ಎರಡು ಗಾಜಿನ ಹಾಳೆ, ನಡುವೆ ಪದರ. ಎರಡೂ ಗಾಜು ಸೇರಿ 5 ಮಿಲಿಮೀಟರ್ ದಪ್ಪ ಅಂದುಕೊಂಡರೆ, ಚದರ ಮೀಟರ್‌ಗೆ 12.5 ಕೆ.ಜಿ. ಗಾಜಾಯಿತು. ಕರೆಂಟು ಹುಟ್ಟಿಸುವ ಪದರದ ದಪ್ಪ ಸುಮಾರು 3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಸಿಲಿಕಾನ್ ಬಿಲ್ಲೆ ಇದರ ಐವತ್ತು ಪಟ್ಟು ದಪ್ಪ. ಒಂದು ಚದರ ಮೀಟರ್‌ನಲ್ಲಿ 3 ಮೈಕ್ರಾನ್ ಅಂದರೆ 3 ಘನ ಸೆಂಟಿಮೀಟರ್. ಸಾಂದ್ರತೆ 5.85ರಂತೆ ಸುಮಾರು 17.5 ಗ್ರಾಂ ಕ್ಯಾಡ್ಮಿಯಂ ಟೆಲ್ಯುರೈಡ್. ತೂಕದಲ್ಲಿ ಅದರ ಶೇ 47 ಕ್ಯಾಡ್ಮಿಯಂ, ಅಂದರೆ ಸುಮಾರು 8 ಗ್ರಾಂ. ಹನ್ನೆರಡೂವರೆ ಕೆ.ಜಿ. ಗಾಜಿನ ನಡುವೆ ಎಂಟು ಗ್ರಾಂ! ಜನ ಹೆದರುವುದು ಈ ಎಂಟು ಗ್ರಾಮಿಗೆ, ಆದರೆ ತಯಾರಿಯ ಶಕ್ತಿಯಲ್ಲಿ ದೊಡ್ಡ ಪಾಲು ಸುಮಾರು 1,500 ಡಿಗ್ರಿಯಲ್ಲಿ ಕರಗುವ ಆ ಗಾಜಿಗೆ ಮತ್ತು ಕಾರ್ಖಾನೆಯ ಕರೆಂಟಿಗೆ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಪರಿಣಾಮವಾಗಿ ಲೆಕ್ಕ ಹಾಕಬೇಕು.

ಈ ಎಂಟು ಗ್ರಾಂ ಕ್ಯಾಡ್ಮಿಯಂ ಬಂದದ್ದು ಎಲ್ಲಿಂದ? ಇದಕ್ಕಾಗಿಯೇ ಯಾರೂ ಗಣಿ ತೋಡುವುದಿಲ್ಲ. ಸತು ಶುದ್ಧಮಾಡುವಾಗ ಕ್ಯಾಡ್ಮಿಯಂ ಉಳಿಯುತ್ತದೆ, ತಾಮ್ರ ಶುದ್ಧಮಾಡುವಾಗ ತಳದಲ್ಲಿ ಕೂರುವ ಕೆಸರಿನಲ್ಲಿ ಟೆಲ್ಯುರಿಯಂ ಸಿಗುತ್ತದೆ. ಹಾಗಾದರೆ ಗಣಿಯ ಹೊರೆಯಲ್ಲಿ ಇವಕ್ಕೆ ಎಷ್ಟು ಪಾಲು? ತೆಂಗಿನ ತೋಟವನ್ನೇ ನೋಡಿ. ನೀರು, ಗೊಬ್ಬರ ಹಾಕುವುದು ಕಾಯಿಗೆ, ಸಿಪ್ಪೆ ಜೊತೆಗೆ ಬರುತ್ತದೆ. ಸಿಪ್ಪೆಯಿಂದ ಮಾಡಿದ ಹಗ್ಗಕ್ಕೆ ತೋಟದ ನೀರಿನ ಲೆಕ್ಕ ಎಷ್ಟು ಹಚ್ಚಬೇಕು? ತೂಕದ ಮೇಲೆ ಹಂಚಿದರೆ ಒಂದು ಉತ್ತರ, ಬೆಲೆಯ ಮೇಲೆ ಹಂಚಿದರೆ ಇನ್ನೊಂದು. ಬೆಲೆಬಾಳುವ ಟೆಲ್ಯುರಿಯಂಗೆ ಬೆಲೆಯ ಲೆಕ್ಕದಲ್ಲಿ ಹೊರೆ ಹೆಚ್ಚು ಬೀಳುತ್ತದೆ. ಎರಡೂ ರೀತಿಯಲ್ಲಿ ಮಾಡಿ, ಎರಡೂ ಉತ್ತರ ತೋರಿಸಿ ಅನ್ನುವುದು ನನ್ನ ಸಲಹೆ.

ಅಂಕಿಅಂಶ ಎಲ್ಲಿ ಸಿಗುತ್ತದೆ? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸೌರವಿದ್ಯುತ್ ಕಾರ್ಯಕ್ರಮದಲ್ಲಿ ‘ಟಾಸ್ಕ್ 12’ ಅಂತ ಒಂದು ತಂಡವಿದೆ. ಪ್ಯಾನೆಲ್‌ಗಳ ಇನ್ವೆಂಟರಿಯನ್ನೂ ಲೆಕ್ಕದ ಮಾರ್ಗಸೂಚಿಯನ್ನೂ ಅದು ಉಚಿತವಾಗಿ ಪ್ರಕಟಿಸುತ್ತದೆ. ಗಾಜು, ಉಕ್ಕು, ಸಾಗಣೆಯಂಥ ಹಿನ್ನೆಲೆ ಅಂಕಿಗಳಿಗೆ ಇಕೋಇನ್ವೆಂಟ್ ಅನ್ನುವ ಅಂಕಿಅಂಶಗಳ ಭಂಡಾರ ಇದೆ, ಅದಕ್ಕೆ ದುಡ್ಡು ಕೊಡಬೇಕು. ನಿಮ್ಮ ಕಾಲೇಜಿಗೆ ಪರವಾನಗಿ ಇದೆಯೇ ಅಂತ ಮೊದಲು ವಿಚಾರಿಸಿ. ಓಪನ್‌ಎಲ್‌ಸಿಎ ತಂತ್ರಾಂಶ ಉಚಿತ. ಅದೂ ಇಲ್ಲವೆಂದರೆ ಒಂದು ಸ್ಪ್ರೆಡ್‌ಶೀಟಿನಲ್ಲೇ ಇಂಗಾಲದ ಲೆಕ್ಕ ಮುಗಿಸಬಹುದು.

ಒಂದು ಎಚ್ಚರಿಕೆ. ಹೊರದೇಶದ ಅಂಕಿಗಳನ್ನು ಹಾಗೇ ಎತ್ತಿ ಹಾಕಬೇಡಿ. ನಮ್ಮ ದೇಶದಲ್ಲಿ ತಯಾರಾದ ಪ್ಯಾನೆಲ್ ಆದರೆ ಕಾರ್ಖಾನೆಯ ವಿದ್ಯುತ್ತನ್ನು ಭಾರತದ ಗ್ರಿಡ್‌ಗೆ ಬದಲಿಸಿ. ಉಕ್ಕಿಗೂ ಹಾಗೇ: ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಜಾಗತಿಕ ಸರಾಸರಿಗಿಂತ ಹೆಚ್ಚು. ಅಲ್ಯೂಮಿನಿಯಂ ಆದರೆ ಒಂದೊಂದು ಕೆ.ಜಿ. ಕರಗಿಸಿ ತೆಗೆಯಲು 14-15 ಯೂನಿಟ್ ಕರೆಂಟು ಬೇಕು, ಅದು ಕಲ್ಲಿದ್ದಲಿನಿಂದ ಬಂದದ್ದೋ ಜಲವಿದ್ಯುತ್ತೋ ಅನ್ನುವುದರ ಮೇಲೆ ಉತ್ತರ ಅದಲು ಬದಲಾಗುತ್ತದೆ.

ಹಂತ 3: ಎಷ್ಟು ಕರೆಂಟು ಬರುತ್ತದೆ?

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಮೇಲೆ ಎಷ್ಟೇ ಸೂಕ್ಷ್ಮವಾಗಿ ಗಾಜು, ಉಕ್ಕು ತೂಗಿದರೂ, ಕೊನೆಗೆ ಭಾಗಿಸುವುದು ಈ ಸಂಖ್ಯೆಯಿಂದ.

ನಿಮ್ಮ ಜಾಗದ ಬಿಸಿಲಿನ ಅಂಕಿಯನ್ನು ಗ್ಲೋಬಲ್ ಸೋಲಾರ್ ಅಟ್ಲಾಸ್ ಅಥವಾ ನಾಸಾ ಪವರ್ ಜಾಲತಾಣದಿಂದ ತೆಗೆಯಿರಿ. ತಿಂಗಳ ಅಂಕಿಯನ್ನೇ ತೆಗೆಯಿರಿ, ವರ್ಷದ್ದು ಮಾತ್ರ ಸಾಲದು. ಫೆಬ್ರವರಿ-ಮಾರ್ಚ್‌ನಲ್ಲಿ ಉರಿಬಿಸಿಲು, ಜೂನ್-ಜುಲೈಯಲ್ಲಿ ವಾರಗಟ್ಟಲೆ ಮೋಡ. ಬಳ್ಳಾರಿಯ ಅಂಕಿ ಇಟ್ಟುಕೊಂಡು ಕುಂದಾಪುರದ ಲೆಕ್ಕ ಮಾಡಿದರೆ ಅದು ಕುಂದಾಪುರದ್ದಾಗುವುದಿಲ್ಲ. ಪ್ಯಾನೆಲ್ಲಿನ ಇಳಿಜಾರು ನಮ್ಮ ಅಕ್ಷಾಂಶದ ಹತ್ತಿರ, ಸುಮಾರು 13 ಡಿಗ್ರಿ ಅಂತ ಹಿಡಿಯಬಹುದು. ತೀರಾ ಚಪ್ಪಟೆ ಹಾಕಿದರೆ ಮಳೆಗಾಲದಲ್ಲಿ ಕೆಳಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಅದೂ ಉತ್ಪಾದನೆ ತಿನ್ನುತ್ತದೆ.

ಲೆಕ್ಕ ತೋರಿಸಲು ವರ್ಷಕ್ಕೆ ಚದರ ಮೀಟರ್‌ಗೆ 1,900 ಯೂನಿಟ್ ಬಿಸಿಲು ಅಂತ ಇಟ್ಟುಕೊಳ್ಳೋಣ. ಟಾಸ್ಕ್ 12 ಚಾವಣಿಯ ವ್ಯವಸ್ಥೆಗೆ ಹೇಳುವ ಪರ್ಫಾರ್ಮೆನ್ಸ್ ರೇಶಿಯೋ, ಅಂದರೆ ಬಿಸಿ, ಕೇಬಲ್, ಇನ್ವರ್ಟರಿನ ನಷ್ಟ ಕಳೆದು ಉಳಿಯುವ ಪಾಲು, 0.75. ನಷ್ಟವೇ ಇಲ್ಲದಿದ್ದರೆ ಚದರ ಮೀಟರ್‌ಗೆ 1 ಯೂನಿಟ್ ಬಿಸಿಲಿಗೆ 1 ಕಿಲೋವಾಟಿನ ಪ್ಯಾನೆಲ್ 1 ಯೂನಿಟ್ ಕರೆಂಟು ಕೊಡುತ್ತದೆ. ಗುಣಿಸಿದರೆ 1 ಕಿಲೋವಾಟ್‌ಗೆ ಮೊದಲ ವರ್ಷ 1,425 ಯೂನಿಟ್. ದಿನಕ್ಕೆ ಸುಮಾರು ನಾಲ್ಕು ಯೂನಿಟ್, ಇಲ್ಲಿ ಸೋಲಾರ್ ಹಾಕುವವರು ಬಾಯಲ್ಲಿ ಹೇಳುವ ಲೆಕ್ಕಕ್ಕೂ ಹತ್ತಿರವೇ. ವರ್ಷಕ್ಕೆ ಶೇ 0.7ರಂತೆ ಉತ್ಪಾದನೆ ಕುಗ್ಗುತ್ತದೆ ಅಂತ ಹಿಡಿದರೆ 30 ವರ್ಷಕ್ಕೆ ಸುಮಾರು 38,400 ಯೂನಿಟ್. ನಿಮ್ಮ ಊರಿನ ನಿಜವಾದ ಮೀಟರ್ ಅಂಕಿಯಿಂದ ರೇಶಿಯೋ ತೆಗೆದಿದ್ದರೆ, ಅದು ಎಷ್ಟು ವರ್ಷದ ಸರಾಸರಿ ಅಂತ ನೋಡಿ. ಕುಗ್ಗುವಿಕೆ ಅದರಲ್ಲಿ ಆಗಲೇ ಸೇರಿದ್ದರೆ ಎರಡನೇ ಸಲ ಕಳೆಯಬೇಡಿ.

ತೆಳುಪದರಕ್ಕೆ ಕರಾವಳಿಯಲ್ಲಿ ಒಂದು ಅನುಕೂಲವೂ ಇದೆ. ನಮ್ಮ ಗಾಳಿಯ ತೇವಾಂಶ ಬೆಳಕಿನ ಕೆಲವು ಭಾಗವನ್ನು ಹೀರುತ್ತದೆ, ಅದರಲ್ಲಿ ಒಂದು 940 ನ್ಯಾನೋಮೀಟರ್ ಆಸುಪಾಸಿನದು. ಸಿಲಿಕಾನ್ ಸುಮಾರು 1,100ರ ತನಕದ ಬೆಳಕು ಬಳಸುತ್ತದೆ, ಹಾಗಾಗಿ ಆ ನಷ್ಟ ಅದಕ್ಕೆ ತಟ್ಟುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡ್ ಬಳಸುವುದು ಸುಮಾರು 850ರವರೆಗಿನ ಬೆಳಕನ್ನು ಮಾತ್ರ. 940ರಲ್ಲಿ ಏನು ಹೋದರೂ ಅದಕ್ಕೆ ಸಂಬಂಧವಿಲ್ಲ. ಬಿಸಿಗೆ ಉತ್ಪಾದನೆ ಇಳಿಯುವ ಪ್ರಮಾಣವೂ ಹಳೆಯ ಬಗೆಯ ಸಿಲಿಕಾನ್‌ಗಿಂತ ಕಡಿಮೆ. ಹಾಗಂತ ಸುಮ್ನೆ ಇಷ್ಟು ಶೇಕಡಾ ಸೇರಿಸಿಬಿಡಬೇಡಿ. ಪಿವಿಸಿಸ್ಟ್‌ನಂಥ ತಂತ್ರಾಂಶದಲ್ಲಿ ಬೆಳಕಿನ ತಿದ್ದುಪಡಿ ಹಾಕಿ ಬಂದ ಅಂಕಿಯನ್ನು ಬಳಸಿ.

ಹಂತ 4: ಉಪ್ಪುಗಾಳಿಯನ್ನು ಲೆಕ್ಕಕ್ಕೆ ತನ್ನಿ

ಮಲ್ಪೆ, ಕಾಪು, ಉಳ್ಳಾಲ, ಪಣಂಬೂರು ಕಡೆ ಮನೆಯ ಗೇಟು ಎಷ್ಟು ವರ್ಷಕ್ಕೆ ತುಕ್ಕು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಸಾಮಾನ್ಯ ಎಲ್‌ಸಿಎ ವರದಿಗಳಲ್ಲಿ ಸ್ಟ್ಯಾಂಡು ಪ್ಯಾನೆಲ್ಲಿನಷ್ಟೇ ಬಾಳುತ್ತದೆ ಅಂತ ಹಿಡಿದಿರುತ್ತಾರೆ. ನೀವು ಹಾಗೆ ಹಿಡಿಯಬೇಡಿ.

ಒಂದು ಉದಾಹರಣೆ. ಇಡೀ ವ್ಯವಸ್ಥೆಯ ಹೊರೆ 1 ಕಿಲೋವಾಟ್‌ಗೆ 700 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ ಅಂತ ಇಟ್ಟುಕೊಳ್ಳೋಣ. ಇದು ದಾರಿ ತೋರಿಸಲು ಇಟ್ಟ ಸಂಖ್ಯೆ, ನಿಮ್ಮದು ನಿಮ್ಮ ಪಟ್ಟಿಯಿಂದ ಬರಬೇಕು. 38,400 ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ ಸುಮಾರು 18 ಗ್ರಾಂ.

ಈಗ ಸಾಗಣೆ ನೋಡಿ. ಶ್ರೀಪೆರಂಬುದೂರಿನಿಂದ ಬೆಂಗಳೂರು, ಶಿರಾಡಿ ಘಾಟಿ ಮೇಲಾಗಿ ಮಂಗಳೂರಿಗೆ ಸುಮಾರು 650 ಕಿಲೋಮೀಟರ್. 1 ಕಿಲೋವಾಟಿನ ಪ್ಯಾನೆಲ್ ತೂಕ 75 ಕೆ.ಜಿ., ದೊಡ್ಡ ಲಾರಿಗೆ ಟನ್-ಕಿಲೋಮೀಟರ್‌ಗೆ 0.1 ಕೆ.ಜಿ. ಅಂತ ಹಿಡಿದರೆ ಒಟ್ಟು 5 ಕೆ.ಜಿ. ಯೂನಿಟ್‌ಗೆ 0.13 ಗ್ರಾಂ. ಅಂದರೆ ಏನೂ ಇಲ್ಲದಷ್ಟು.

ಮುಂದೆ ತುಕ್ಕು. 1 ಕಿಲೋವಾಟ್‌ಗೆ 50 ಕೆ.ಜಿ. ಜಿಐ (ಸತು ಲೇಪಿಸಿದ) ಉಕ್ಕಿನ ಸ್ಟ್ಯಾಂಡ್ ಅಂದುಕೊಳ್ಳಿ. ಹದಿನೈದನೇ ವರ್ಷಕ್ಕೆ ಪೂರ್ತಿ ಬದಲಿಸಬೇಕಾಯಿತು. 50ಕ್ಕೆ 2.5ರಂತೆ 125 ಕೆ.ಜಿ. ಹೊಸ ಹೊರೆ. ಯೂನಿಟ್‌ಗೆ 3 ಗ್ರಾಂಗಿಂತ ಹೆಚ್ಚಾಯಿತು, ಲಾರಿಯ ಇಪ್ಪತ್ತೈದು ಪಟ್ಟು.

ಇನ್ನೂ ಕೆಟ್ಟದ್ದು: ಸ್ಟ್ಯಾಂಡು ಹಾಳಾದಾಗ ‘ಇಷ್ಟಕ್ಕೆಲ್ಲ ಮತ್ತೆ ಯಾರು ಖರ್ಚು ಮಾಡುತ್ತಾರೆ’ ಅಂತ ಇಡೀ ವ್ಯವಸ್ಥೆಯನ್ನೇ 20 ವರ್ಷಕ್ಕೆ ಬಿಚ್ಚಿಸಿದರೆ? ಆಗ ಒಟ್ಟು ಉತ್ಪಾದನೆ ಸುಮಾರು 26,600 ಯೂನಿಟ್. ಅದೇ 700 ಕೆ.ಜಿ. ಯೂನಿಟ್‌ಗೆ 26 ಗ್ರಾಂ ಆಗುತ್ತದೆ. ಪ್ಯಾನೆಲ್ ಚೆನ್ನಾಗಿದ್ದರೂ ನಟ್-ಬೋಲ್ಟಿನ ದೆಸೆಯಿಂದ ಹೊರೆ ಹೆಚ್ಚುಕಡಿಮೆ ಅರ್ಧದಷ್ಟು ಏರಿತು.

ಆದ್ದರಿಂದ ಸ್ಥಳಕ್ಕೆ ಹೋಗಿ ನೋಡಿ. ಹತ್ತಾರು ವರ್ಷ ಹಳೆಯ ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡ್‌ಗಳು ಊರ ತುಂಬ ಇವೆ. ಸಮುದ್ರದಿಂದ ನಿಮ್ಮ ಕಟ್ಟಡದಷ್ಟೇ ದೂರ ಇರುವ ಒಂದನ್ನು ಹುಡುಕಿ. ಪೈಪಿನ ನಡುಭಾಗಕ್ಕಿಂತ ವೆಲ್ಡಿಂಗ್ ಜಾಗ, ಕೊರೆದ ತೂತು, ಕಾಂಕ್ರೀಟಿಗೆ ತಾಗುವ ಬುಡ ನೋಡಿ. ಸತುವಿನ ಲೇಪ ಮೊದಲು ಹೋಗುವುದು ಅಲ್ಲೇ. ಅಲ್ಯೂಮಿನಿಯಂ ಚೌಕಟ್ಟಿಗೆ ಸಾಮಾನ್ಯ ಉಕ್ಕಿನ ಬೋಲ್ಟ್ ಹಾಕಿದ ಜಾಗದಲ್ಲಿ ಬಿಳಿ ಪುಡಿ ಕಂಡರೆ ಎರಡು ಲೋಹ ತಾಗಿ ಸವೆಯುತ್ತಿದೆ ಅಂತ ಅರ್ಥ. ಫೋಟೋ ತೆಗೆದುಕೊಳ್ಳಿ. ನಿಮ್ಮ ವರದಿಯಲ್ಲಿ ಸ್ಟ್ಯಾಂಡಿನ ಆಯಸ್ಸಿಗೆ ಅದೇ ಆಧಾರ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದಿ ಲೇಪ) ಮಾಡಿಸಿದ ಉಕ್ಕು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಇದ್ದರೆ ಬೇರೆ ಆಯಸ್ಸು ಹಿಡಿಯಿರಿ. ಪ್ಯಾನೆಲ್ ಐಇಸಿ 61701 ಉಪ್ಪುಮಂಜಿನ ಪರೀಕ್ಷೆ ಪಾಸಾಗಿದೆಯೇ ಅಂತ ಡೇಟಾಶೀಟಿನಲ್ಲಿ ನೋಡಿ.

ಇನ್ವರ್ಟರಿಗೆ ಸಾಮಾನ್ಯವಾಗಿ 15 ವರ್ಷ ಹಿಡಿಯುತ್ತಾರೆ, 30 ವರ್ಷಕ್ಕೆ ಎರಡು. ಟೆರೇಸಿನ ಗೋಡೆಗೆ ಬಯಲಲ್ಲೇ ತೂಗುಹಾಕಿದ್ದರೆ ಮೂರು ಅಂತಲೂ ಒಂದು ಲೆಕ್ಕ ಮಾಡಿ.

ಹಂತ 5: ಪರಿಣಾಮಗಳು

ಇಂಗಾಲ ಒಂದನ್ನೇ ನೋಡಿದರೆ ಅದು ಎಲ್‌ಸಿಎ ಅಲ್ಲ, ಕಾರ್ಬನ್ ಲೆಕ್ಕ. ಖನಿಜಗಳ ಬಳಕೆ, ನೀರು, ಆಮ್ಲೀಕರಣ, ಸೂಕ್ಷ್ಮ ಧೂಳು, ವಿಷಕಾರಕತೆ ಇವೂ ಬೇಕು. ‘ರೆಸಿಪಿ 2016’ ಅಥವಾ ಯುರೋಪಿನ ‘ಇಎಫ್’ ಅನ್ನುವ ಪರಿಣಾಮ ಲೆಕ್ಕದ ವಿಧಾನ ಆರಿಸಿದರೆ ಇವೆಲ್ಲ ಒಟ್ಟಿಗೆ ಬರುತ್ತವೆ.

ವಿಷಕಾರಕತೆಯ ಅಂಕಿಯನ್ನು ಹುಷಾರಾಗಿ ಓದಿ. ಲೋಹಗಳ ವಿಷಯದಲ್ಲಿ ಈ ಮಾದರಿಗಳ ಅನಿಶ್ಚಿತತೆ ಹತ್ತು, ನೂರು ಪಟ್ಟಿನವರೆಗೂ ಹೋಗುತ್ತದೆ. ಎರಡು ಪ್ಯಾನೆಲ್‌ಗಳ ನಡುವೆ ಶೇ 30 ವ್ಯತ್ಯಾಸ ಬಂದರೆ ಅದನ್ನು ವ್ಯತ್ಯಾಸವೆಂದೇ ಹೇಳಬೇಡಿ. ಕಲ್ಲಿದ್ದಲು ಸುಟ್ಟಾಗಲೂ ಕ್ಯಾಡ್ಮಿಯಂ ಗಾಳಿಗೆ ಸೇರುತ್ತದೆ ಅನ್ನುವುದು ಹೋಲಿಕೆಯಲ್ಲಿ ಇರಲೇಬೇಕು. ಬೆಂಕಿ ಬಿದ್ದರೆ ಏನು ಅಂತ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ್ದಾರೆ. ಎರಡು ಗಾಜಿನ ಪ್ಯಾನೆಲ್ಲಿನಲ್ಲಿ ಬಹುತೇಕ ಎಲ್ಲ ಕ್ಯಾಡ್ಮಿಯಂ ಕರಗಿದ ಗಾಜಿನೊಳಗೇ ಉಳಿಯಿತು. ಒಡೆದ ಪ್ಯಾನೆಲ್ಲನ್ನು ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಅಂಗಳದ ಮೂಲೆಗೆ ಒರಗಿಸಿ ಇಡುವುದು ಬೇರೆಯೇ ಸಂಗತಿ. ಬಾವಿಯ ನೀರು ಕುಡಿಯುವ ಊರು ನಮ್ಮದು. ಒಡೆದದ್ದನ್ನು ಮಳೆ ಬೀಳದ ಕಡೆ ಇಡಿಸುವುದು ನಿರ್ವಹಣೆಯ ಷರತ್ತಿನಲ್ಲೇ ಬರಲಿ.

ಶಕ್ತಿ ವಾಪಸಾತಿಯ ಅವಧಿ ಸುಲಭ. ವ್ಯವಸ್ಥೆ ಮಾಡಲು ಹೋದ ಒಟ್ಟು ಮೂಲಶಕ್ತಿಯನ್ನು (ಕಲ್ಲಿದ್ದಲಿನಂಥ ಇಂಧನದಲ್ಲಿ ಮೊದಲಿಗೆ ಇದ್ದ ಶಕ್ತಿ), ಅದು ವರ್ಷಕ್ಕೆ ಉಳಿಸುವ ಮೂಲಶಕ್ತಿಯಿಂದ ಭಾಗಿಸಿ. 1,425 ಯೂನಿಟ್ ಅಂದರೆ 5,130 ಮೆಗಾಜೂಲ್. ಗ್ರಿಡ್‌ನ ದಕ್ಷತೆ ಶೇ 35 ಅಂದರೆ ಸುಮಾರು 14,650 ಮೆಗಾಜೂಲ್ ಮೂಲಶಕ್ತಿ ಉಳಿಯಿತು. ತಯಾರಿಗೆ 10,000 ಮೆಗಾಜೂಲ್ ಹೋಗಿದ್ದರೆ ಎಂಟು ತಿಂಗಳಲ್ಲಿ ವಾಪಸ್ಸು.

ಹಂತ 6: ಯಾವುದರ ಜೊತೆ ಹೋಲಿಕೆ?

ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನ 1,200 ಮೆಗಾವಾಟ್ ಸ್ಥಾವರ ಇದೆ. ಅದೇ ಜಿಲ್ಲೆಯಲ್ಲಿ ವಾರಾಹಿ ಜಲವಿದ್ಯುತ್ ಕೂಡ ಇದೆ. ಒಂದನ್ನು ಹಿಡಿದರೆ ಸೋಲಾರ್ ಅದ್ಭುತ, ಇನ್ನೊಂದನ್ನು ಹಿಡಿದರೆ ಸಾಧಾರಣ. ಎರಡೂ ಸರಿಯಲ್ಲ. ದಕ್ಷಿಣದ ಗ್ರಿಡ್ 2013ರ ಡಿಸೆಂಬರ್ 31ರಿಂದ ದೇಶದ ಗ್ರಿಡ್‌ಗೆ ಸೇರಿಕೊಂಡಿದೆ. ಮೆಸ್ಕಾಂ ಬಿಲ್ಲಿನ ಯೂನಿಟ್‌ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಕೊಡುವ ಇಂಗಾಲದ ಡೈಆಕ್ಸೈಡ್‌ನ ರಾಷ್ಟ್ರೀಯ ಅಂಕಿಯನ್ನೇ ಬಳಸಿ. ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ ಸುಮಾರು 0.7 ಕೆ.ಜಿ.

ಆದರೆ ಆ ಅಂಕಿಯಲ್ಲಿರುವುದು ಸ್ಥಾವರದಲ್ಲಿ ಇಂಧನ ಸುಟ್ಟದ್ದು ಮಾತ್ರ. ಕಲ್ಲಿದ್ದಲು ಗಣಿ, ಹಡಗು, ರೈಲು ಸೇರಿಲ್ಲ. ಸೋಲಾರ್‌ಗೆ ಗಣಿಯಿಂದ ಲೆಕ್ಕ ಹಾಕಿ, ಗ್ರಿಡ್‌ಗೆ ಚಿಮಣಿಯಿಂದ ಲೆಕ್ಕ ಹಾಕಿದರೆ ಗ್ರಿಡ್‌ಗೆ ರಿಯಾಯಿತಿ ಕೊಟ್ಟಂತೆ. ಇದನ್ನು ಬರೆದು ತಿಳಿಸಿ. ಹಾಗೆಯೇ 0.7 ಅನ್ನು 30 ವರ್ಷದಿಂದ ಗುಣಿಸಿ ‘ಇಷ್ಟು ಟನ್ ಉಳಿತಾಯ’ ಅಂತ ಫಲಕ ಬರೆಸಬೇಡಿ. ಮುಂದೆ ಗ್ರಿಡ್ ಸ್ವಚ್ಛವಾದಂತೆ ಉಳಿತಾಯವೂ ಇಳಿಯುತ್ತದೆ.

ಹಂತ 7: ಆಯಸ್ಸು ಮುಗಿದ ಮೇಲೆ

2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸೋಲಾರ್ ಪ್ಯಾನೆಲ್ ಕೂಡ ಅದರಲ್ಲಿ ಬರುತ್ತದೆ. 2034-35ರವರೆಗೆ ಬರುವ ಪ್ಯಾನೆಲ್ ತ್ಯಾಜ್ಯವನ್ನು ತಯಾರಕರು ಮಾರ್ಗಸೂಚಿಯಂತೆ ಸಂಗ್ರಹಿಸಿ ಇಡಬೇಕು. ಹಾಗಾಗಿ ಸ್ಟ್ಯಾಂಡಿನ ಕಬ್ಬಿಣ ಗುಜರಿಗೆ ಹೋಗಬಹುದು, ಪ್ಯಾನೆಲ್ ಹೋಗಬಾರದು. ಖರೀದಿ ಕರಾರಿನಲ್ಲೇ ವಾಪಸ್ ತೆಗೆದುಕೊಳ್ಳುವ ಷರತ್ತು ಹಾಕಿಸಿ.

ಲೆಕ್ಕದಲ್ಲಿ ಎರಡು ದಾರಿ. ಮರುಬಳಕೆಗೆ ಕೊಟ್ಟಲ್ಲಿಗೆ ನಿಮ್ಮ ಲೆಕ್ಕ ಮುಗಿಯಿತು ಅನ್ನುವುದು ಒಂದು. ವಾಪಸ್ ಸಿಕ್ಕ ಗಾಜು, ಟೆಲ್ಯುರಿಯಂ ಹೊಸದರ ಬದಲಿಗೆ ಬಳಕೆಯಾಗುತ್ತದೆ, ಆ ಉಳಿತಾಯ ನಮ್ಮದು ಅನ್ನುವುದು ಇನ್ನೊಂದು. ಮೊದಲನೆಯದನ್ನೇ ಮುಖ್ಯ ಉತ್ತರವಾಗಿ ಇಡಿ. ಮೂವತ್ತು ವರ್ಷದ ನಂತರದ ಉಳಿತಾಯವನ್ನು ಇವತ್ತೇ ಜಮಾ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಎರಡನೆಯದನ್ನು ಬೇರೆ ಸಾಲಿನಲ್ಲಿ ತೋರಿಸಬಹುದು. ಮರುಬಳಕೆಯ ಉಕ್ಕು ಅಂತ ಮೊದಲೇ ಕಡಿಮೆ ಹೊರೆ ಹಿಡಿದಿದ್ದರೆ, ಕೊನೆಯಲ್ಲಿ ಅದೇ ಉಕ್ಕಿಗೆ ಮತ್ತೆ ಜಮಾ ಹಾಕಬೇಡಿ.

ಹಂತ 8: ಅಲುಗಾಡಿಸಿ ನೋಡಿ, ಬರೆಯಿರಿ

ಆಯಸ್ಸು 20, 25, 30. ಬಿಸಿಲು ಶೇ 10 ಹೆಚ್ಚು, ಶೇ 10 ಕಡಿಮೆ. ಸ್ಟ್ಯಾಂಡು ಒಮ್ಮೆ ಬದಲು, ಬದಲಿಲ್ಲ. ಇನ್ವರ್ಟರ್ ಎರಡು, ಮೂರು. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ ಉತ್ತರ ಎಷ್ಟು ಬದಲಾಯಿತು ಅಂತ ಕೋಷ್ಟಕ ಮಾಡಿ. ಓಪನ್‌ಎಲ್‌ಸಿಎಯಲ್ಲಿ ಮಾಂಟೆ ಕಾರ್ಲೋ (ಅಂಕಿಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತ ಮತ್ತೆ ಮತ್ತೆ ಲೆಕ್ಕ ಹಾಕುವ ಕ್ರಮ) ಓಡಿಸಿದರೆ ಒಂದೇ ಸಂಖ್ಯೆಯ ಬದಲು ‘ಇಷ್ಟರಿಂದ ಇಷ್ಟು’ ಅಂತ ಸಿಗುತ್ತದೆ. ಅದನ್ನೇ ಮುಖಪುಟದಲ್ಲಿ ಹಾಕಿ. ಯೂನಿಟ್‌ಗೆ 18.23 ಗ್ರಾಂ ಅಂತ ಎರಡು ದಶಮಾಂಶ ಬರೆದರೆ ನಂಬಿಕೆ ಹೆಚ್ಚುವುದಿಲ್ಲ.

ಕಾಲೇಜು ಪ್ರಾಜೆಕ್ಟಿಗೋ ಆಡಳಿತ ಮಂಡಳಿಗೋ ಆದರೆ ಇಷ್ಟು ಸಾಕು. ‘ಸಿಲಿಕಾನ್‌ಗಿಂತ ತೆಳುಪದರ ಒಳ್ಳೆಯದು’ ಅಂತ ಸಾರ್ವಜನಿಕವಾಗಿ ಹೇಳಬೇಕಾದರೆ ಐಎಸ್‌ಒ 14044ರ ಪ್ರಕಾರ ಸಂಬಂಧಪಟ್ಟವರೂ ಸೇರಿದ ಪರಿಶೀಲನಾ ಸಮಿತಿಯ ವಿಮರ್ಶೆ ಕಡ್ಡಾಯ. ಅಂಥ ಸಮಿತಿಗೆ ತುಕ್ಕಿನ ವಿಷಯ ಬಲ್ಲ ಒಬ್ಬ ಲೋಹ ಎಂಜಿನಿಯರ್, ಮತ್ತು ಇಲ್ಲೇ ವರ್ಷಗಟ್ಟಲೆ ಸೋಲಾರ್ ಹಾಕಿ ಬಿಚ್ಚಿದ ಒಬ್ಬ ಫಿಟ್ಟರ್ ಇರಲಿ. ಸ್ಟ್ಯಾಂಡಿನ ಆಯಸ್ಸಿಗೆ ನೀವು ಹಿಡಿದ ವರ್ಷವನ್ನು ಮೊದಲು ಅವರಿಬ್ಬರಿಗೇ ತೋರಿಸಿ.